ಟ್ಯಾಲಿ ಆಗದ ಏಳು ಹೆಸರು

ಕಳೆದ ವಾರ ಆಫೀಸಿನಲ್ಲಿ ನನ್ನ ಹಳೇ ಕಂಪ್ಯೂಟರ್ ಬದಲಾಯಿತು. ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತುಹೋದವಲ್ಲ, ಆಗಿನಿಂದ ಎಷ್ಟೋ ಕಚೇರಿಗಳಲ್ಲಿ ಹಳೇ ಡಬ್ಬಿ ಹೋಗಿ ಹೊಸ ಡಬ್ಬಿ ಬರುತ್ತಿದೆ. ನನ್ನ ಸರದಿ ಸ್ವಲ್ಪ ತಡವಾಗಿ ಬಂತು, ಅಷ್ಟೇ. ಐಟಿ ವಿಭಾಗದಿಂದ ಬಂದ ಹುಡುಗ ನನ್ನ ಮಗನಿಗಿಂತ ಚಿಕ್ಕವನು. ಅವನು ವೈರು ಸಿಕ್ಕಿಸುತ್ತ, "ಸರ್, ಮೇಲ್ ಸಗಳೇ ಯೇತಾತ್, ಕಾಂಟ್ಯಾಕ್ಟ್ಸ್ ಪಣ್ ಯೇತಾತ್, ಟೆನ್ಶನ್ ಘೇಊ ನಕಾ" ಅಂದ. ಎಲ್ಲಾ ಬರುತ್ತೆ, ಚಿಂತೆ ಬೇಡ ಅಂತ.

"ಕಿತಿ ಯೇತಾತ್?" ಎಂದು ಕೇಳಿದೆ. ಎಷ್ಟು ಬರುತ್ತವೆ?

ಅವನು ನಕ್ಕುಬಿಟ್ಟ. ಯಾರಾದರೂ ಕಾಂಟ್ಯಾಕ್ಟುಗಳನ್ನು ಎಣಿಸುತ್ತಾರೆಯೇ ಎಂದು ಅವನ ಮುಖ ಹೇಳುತ್ತಿತ್ತು. ನಾನು ಎಣಿಸುತ್ತೇನೆ. ಸರ್ವರಿನಲ್ಲಿರುವುದು ತಾನಾಗಿ ಬರುತ್ತೆ ಸರಿ, ಆದರೆ ನನ್ನ ಹಳೆಯ ಫೈಲಿನಲ್ಲಿ ಇಪ್ಪತ್ತು ವರ್ಷದ ಹೆಸರುಗಳಿದ್ದವು, ಒಟ್ಟು 1,146. ಅದನ್ನು ಒಂದು ಪಟ್ಟಿ ಮಾಡಿಸಿ, ಹೊಸದಕ್ಕೆ ತುಂಬಿಸಿ ನೋಡಿದರೆ 1,139. ಏಳು ಕಡಿಮೆ. ಹುಡುಗನಿಗೆ ಇದು ದೊಡ್ಡ ಸಂಗತಿಯಲ್ಲ. ಬ್ಯಾಂಕಿನಲ್ಲಿ 34 ವರ್ಷ ಕಳೆದ ನನಗೆ ಏಳು ಅಂದರೆ ಡಿಫರೆನ್ಸ್! ಡಿಫರೆನ್ಸ್ ಇಟ್ಟುಕೊಂಡು ಮನೆಗೆ ಹೋಗುವ ಅಭ್ಯಾಸ ನಮಗಿಲ್ಲ.

ಹೆಸರು-ವಿಳಾಸಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಈ ಸಣ್ಣ ಕೆಲಸಕ್ಕೆ ಒಂದು ಇತಿಹಾಸವಿದೆ. ಯಾರೂ ಬರೆದಿಟ್ಟಂತೆ ಕಾಣೆ. ನಾನು ಓದಿದ್ದು ಗದಗಿನಲ್ಲಿ ಬಿಕಾಂ, ಇತಿಹಾಸಕಾರನಲ್ಲ. ಆದರೂ ಅರ್ಧ ಇತಿಹಾಸ ನನ್ನ ಮೇಜಿನ ಮೇಲೇ ನಡೆದದ್ದರಿಂದ ಬರೆಯುವ ಧೈರ್ಯ ಮಾಡುತ್ತಿದ್ದೇನೆ.

ಮೊದಲು ಲೆಡ್ಜರಿನ ಕಾಲ. ನಾನು 1991ರಲ್ಲಿ ಸೊಲ್ಲಾಪುರದಲ್ಲಿ ಗುಮಾಸ್ತನಾಗಿ ಸೇರಿದಾಗ ಮ್ಯಾನೇಜರರ ಕಾಂಟ್ಯಾಕ್ಟ್ಸ್ ಎಂದರೆ ರೆಕ್ಸಿನ್ ಹೊದಿಕೆಯ ಒಂದು ಟೆಲಿಫೋನ್ ಡೈರಿ. ಎಲ್‌ಐಸಿಯವರೋ ಗೊಬ್ಬರದ ಕಂಪನಿಯವರೋ ಕೊಟ್ಟದ್ದು. ಮ್ಯಾನೇಜರರಿಗೆ ವರ್ಗವಾದಾಗ ಚಾರ್ಜ್ ಹಸ್ತಾಂತರದ ಪಟ್ಟಿ ತಯಾರಾಗುತ್ತಿತ್ತು. ತಿಜೋರಿಯ ಕೀಲಿ, ನಗದು, ಡ್ರಾಫ್ಟಿನ ಪುಸ್ತಕ, ಒತ್ತೆ ಇಟ್ಟ ಬಂಗಾರದ ಚೀಲಗಳು, ಕೊನೆಗೆ ಗೋಡೆ ಗಡಿಯಾರ ಕೂಡ! ಎಲ್ಲಕ್ಕೂ ಎಣಿಕೆ, ಎಲ್ಲಕ್ಕೂ ಇಬ್ಬರ ಸಹಿ. ಟೆಲಿಫೋನ್ ಡೈರಿ ಮಾತ್ರ ಆ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಅದು ಮ್ಯಾನೇಜರರ ಚೀಲದಲ್ಲಿ ಅವರ ಜೊತೆ ಹೋಗಿಬಿಡುತ್ತಿತ್ತು. ಹೊಸಬರು ಬಂದು ತಹಶೀಲ್ದಾರರ ನಂಬರು, ಪೊಲೀಸ್ ಠಾಣೆ, ಪಕ್ಕದ ಬ್ಯಾಂಕಿನ ಅಕೌಂಟೆಂಟು ಎಲ್ಲಾ ಮೊದಲಿನಿಂದ ಬರೆದುಕೊಳ್ಳಬೇಕು. ಹೆಸರುಗಳಿಗೆ ಬೆಲೆ ಇಲ್ಲವೆಂದಲ್ಲ, ಅವುಗಳಿಗೆ ಖಾತೆಯೇ ಇರಲಿಲ್ಲ.

1995ರಲ್ಲಿ ನನ್ನನ್ನು ಅಕ್ಕಲಕೋಟೆಗೆ ಹಾಕಿದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅಕ್ಕಲಕೋಟೆ ಸೊಲ್ಲಾಪುರ ಜಿಲ್ಲೆಯ ತಾಲ್ಲೂಕು, ಹಿಂದೆ ಒಂದು ಸಂಸ್ಥಾನ. ನಕ್ಷೆಯಲ್ಲಿ ಮಹಾರಾಷ್ಟ್ರ, ಸಂತೆಯಲ್ಲಿ ಕನ್ನಡ. ಕೌಂಟರಿನ ಈಚೆ ಮರಾಠಿಯಲ್ಲಿ ಫಾರ್ಮು, ಆಚೆ ಕನ್ನಡದಲ್ಲಿ ಬೈಗುಳ :) ಅಲ್ಲಿ ನಮ್ಮ ಅಕೌಂಟೆಂಟರು ವಿಜಾಪುರದ ಕಡೆಯವರು. ಅವರಿಗೆ ನಾವೆಲ್ಲ 'ಸರ' ಅನ್ನುತ್ತಿದ್ದೆವು, ಅವರು ನನಗೆ 'ತಮ್ಮಾ'. ಬ್ಯಾಲೆನ್ಸಿಂಗ್ ಅನ್ನುವ ವಿದ್ಯೆ ಕಲಿಸಿದವರು ಅವರೇ. ಡಿಫರೆನ್ಸ್ 9ರಿಂದ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿದೆ, 54 ಬರೆಯುವ ಕಡೆ 45 ಬರೆದಿದ್ದೀ. ಡಿಫರೆನ್ಸಿನ ಅರ್ಧ ಮಾಡಿ ಆ ಮೊತ್ತದ ವೋಚರ್ ಹುಡುಕು, ಸಿಕ್ಕರೆ ಅದು ಜಮೆಯ ಬದಲು ಖರ್ಚಿಗೆ ಬಿದ್ದಿದೆ. ಈ ಸೂತ್ರಗಳನ್ನು ಕಾಲೇಜಿನಲ್ಲಿ ಓದಿದ್ದೆನೋ ಏನೋ, ತಲೆಗೆ ಹತ್ತಿದ್ದು ಮಾತ್ರ ಅಕ್ಕಲಕೋಟೆಯಲ್ಲಿ, ರಾತ್ರಿ ಒಂಬತ್ತು ಗಂಟೆಗೆ, ಕರೆಂಟು ಹೋದ ಮೇಲೆ, ಮೇಣದ ಬತ್ತಿಯ ಬೆಳಕಿನಲ್ಲಿ.

ಬ್ಯಾಂಕಿಗೆ ಕಂಪ್ಯೂಟರ್ ಒಮ್ಮೆಲೇ ಬಂದದ್ದಲ್ಲ. 1983ರಲ್ಲಿ ಬ್ಯಾಂಕುಗಳಿಗೂ ನೌಕರರ ಸಂಘಟನೆಗಳಿಗೂ ಯಂತ್ರ ಬಳಕೆಯ ಬಗ್ಗೆ ಒಪ್ಪಂದವಾಯಿತು. ಸಿ. ರಂಗರಾಜನ್ ಅವರ ಸಮಿತಿ 1984ರಲ್ಲಿ ವರದಿ ಕೊಟ್ಟಿತು, ಎರಡನೆಯ ವರದಿ 1989ರಲ್ಲಿ ಬಂತು. ಮೊದಲು ಬಂದವು ಎಎಲ್‌ಪಿಎಂ ಎಂಬ ಯಂತ್ರಗಳು, ಅಂದರೆ ಲೆಡ್ಜರ್ ಬರೆಯುವುದಕ್ಕೆ ಮಾತ್ರ ಇದ್ದ ಕಂಪ್ಯೂಟರುಗಳು. 'ಕಂಪ್ಯೂಟರ್' ಅಂದರೆ ಕೆಲಸ ಹೋಗುತ್ತೆ ಎಂಬ ಭಯ ಇದ್ದ ಕಾಲ ಅದು, ಹಾಗಾಗಿ ಹೆಸರೂ ಹಾಗೆ ಮೆತ್ತಗಿತ್ತು ಎಂದು ನನ್ನ ಗುಮಾನಿ. 1993ರಲ್ಲಿ ಇನ್ನೊಂದು ಒಪ್ಪಂದ. ಆಮೇಲೆ ನಿಜವಾಗಿ ಚಾಟಿ ಬೀಸಿದವರು ಕೇಂದ್ರ ಜಾಗೃತ ಆಯುಕ್ತರಾಗಿದ್ದ ಎನ್. ವಿಠ್ಠಲ್. ಸರ್ಕಾರಿ ಬ್ಯಾಂಕುಗಳ ಶೇಕಡಾ 70ರಷ್ಟು ವ್ಯವಹಾರ 2001ರ ಜನವರಿ 1ರೊಳಗೆ ಕಂಪ್ಯೂಟರಿಗೆ ಬರಬೇಕು ಎಂದು ಅವರು ಗಡುವು ಹಾಕಿದರು. ಭ್ರಷ್ಟಾಚಾರ ತಡೆಯುವ ಕಚೇರಿಯಿಂದ ಕಂಪ್ಯೂಟರಿನ ಆದೇಶ ಬಂದದ್ದು ಆಗ ಹಲವರಿಗೆ ವಿಚಿತ್ರವೆನಿಸಿತ್ತು.

ನಮ್ಮ ಶಾಖೆಗೆ 1999ರಲ್ಲಿ ಬಂತು. ಲೆಡ್ಜರಿನಿಂದ ಕಂಪ್ಯೂಟರಿಗೆ ಖಾತೆಗಳನ್ನು ಸಾಗಿಸಿದ ಆ ನಾಲ್ಕು ಭಾನುವಾರಗಳು ಚೆನ್ನಾಗಿ ನೆನಪಿವೆ. ಒಬ್ಬ ಓದುವುದು, ಒಬ್ಬ ಟೈಪ್ ಮಾಡುವುದು, ಒಬ್ಬ ಪ್ರಿಂಟ್ ತೆಗೆದು ಟಿಕ್ ಹಾಕುವುದು. ಒಂದೊಂದು ಲೆಡ್ಜರಿಗೂ ಬಾಕಿಯ ಒಟ್ಟು ಮೊತ್ತ ಎರಡೂ ಕಡೆ ಒಂದೇ ಇರಬೇಕು. ಅಷ್ಟೇ ಅಲ್ಲ, ಖಾತೆ ನಂಬರುಗಳನ್ನೂ ಒಂದರ ಕೆಳಗೊಂದು ಕೂಡಿಸುತ್ತಿದ್ದೆವು! ಅದಕ್ಕೆ ಹ್ಯಾಶ್ ಟೋಟಲ್ ಎಂದು ಹೆಸರು. ಖಾತೆ ನಂಬರುಗಳ ಮೊತ್ತಕ್ಕೆ ಅರ್ಥವೇನೂ ಇಲ್ಲ, ಆದರೆ ಒಂದು ಖಾತೆ ಬಿಟ್ಟುಹೋದರೆ ಅದು ತಕ್ಷಣ ಹೇಳಿಬಿಡುತ್ತದೆ. ಕೊನೆಯ ಭಾನುವಾರ ಸಂಜೆ ಪೈಸೆಗೆ ಪೈಸೆ ಟ್ಯಾಲಿ ಆಯಿತು. ನಾವು ಭಜಿ ತರಿಸಿ ತಿಂದೆವು. ಸರ ಮಾತ್ರ ಪ್ರಿಂಟ್ ಹಿಡಿದು ಕೂತಿದ್ದರು. ಹೆಸರಿನ ಜಾಗ ಆ ಪ್ರೋಗ್ರಾಮಿನಲ್ಲಿ ಚಿಕ್ಕದು. ಮಹಾರಾಷ್ಟ್ರದ ಪದ್ಧತಿಯಂತೆ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರನ್ನೂ ಬರೆದರೆ ಬಾಲ ಕತ್ತರಿಸಿಹೋಗುತ್ತಿತ್ತು. ಅರ್ಧ ಊರಿನ ಅಡ್ಡಹೆಸರುಗಳು ಅರ್ಧಕ್ಕೇ ನಿಂತಿದ್ದವು.

"ತಮ್ಮಾ, ರೊಕ್ಕಕ್ಕ ಟೋಟಲ್ ಐತಿ, ನಂಬರಿಗೂ ಟೋಟಲ್ ಐತಿ. ಹೆಸರಿಗೆ ಯಾರು ಟೋಟಲ್ ಹಾಕ್ತಾರ?" ಅಂದರು.

ಆ ಬಾಲ ಕತ್ತರಿಸಿದ ಹೆಸರುಗಳ ತೊಂದರೆ ಎಷ್ಟೋ ವರ್ಷದ ನಂತರ, ಆಧಾರ್ ಕಾರ್ಡಿನ ಹೆಸರಿಗೂ ಪಾಸ್‌ಬುಕ್ಕಿನ ಹೆಸರಿಗೂ ಹೊಂದಬೇಕು ಎಂದಾಗ ಹಳ್ಳಿಯ ಜನ ಅನುಭವಿಸಿದರು. ಅದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಈಗ ಇಮೇಲ್ ವಿಷಯಕ್ಕೆ ಬರೋಣ. ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರ್ 1971ರಲ್ಲಿ ಒಂದು ಕಂಪ್ಯೂಟರಿನಿಂದ ಪಕ್ಕದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳಿಸಿದರು. ಹೆಸರಿಗೂ ಯಂತ್ರಕ್ಕೂ ನಡುವೆ ಆ್ಯಟ್ ಚಿಹ್ನೆ ಹಾಕಿದ್ದು ಅವರೇ. ತಮಾಷೆ ನೋಡಿ, ನಮ್ಮ ಲೆಕ್ಕದ ಪುಸ್ತಕದಲ್ಲಿ '10 ಚೀಲ, ಒಂದಕ್ಕೆ 5 ರೂಪಾಯಿಯಂತೆ' ಎಂದು ದರ ಬರೆಯಲು ಬಳಸುತ್ತಿದ್ದ ಚಿಹ್ನೆ ಅದು. ವ್ಯಾಪಾರದಿಂದ ಎರವಲು ಹೋಗಿ ವಿಳಾಸವಾಯಿತು. ಭಾರತದಲ್ಲಿ ಸಂಶೋಧನಾ ಸಂಸ್ಥೆಗಳಿಗೆ 1986ರಿಂದ ಅರ್ನೆಟ್ ಎಂಬ ಜಾಲ ಇತ್ತು. ನಮ್ಮಂಥ ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಮರುವರ್ಷ ಜುಲೈ 4ರಂದು ಹಾಟ್‌ಮೇಲ್ ಬಂತು. ಅದರ ಸಬೀರ್ ಭಾಟಿಯಾ ಚಿಕ್ಕಂದಿನಲ್ಲಿ ಓದಿದ್ದು ಇಲ್ಲೇ ಪುಣೆಯ ಬಿಷಪ್ಸ್ ಶಾಲೆಯಲ್ಲಿ, ಆಮೇಲೆ ಬೆಂಗಳೂರಿನಲ್ಲಿ. ಪುಣೆಯವರೂ ಬೆಂಗಳೂರಿನವರೂ 'ನಮ್ಮವನು' ಅನ್ನುತ್ತಾರೆ, ಎರಡೂ ಊರಿಗೆ ಸೇರಿದ ನನಗೆ ಡಬಲ್ ಹೆಮ್ಮೆ. ಬ್ಯಾಂಕುಗಳ ನಡುವೆ ಇನ್ಫಿನೆಟ್ ಎಂಬ ಜಾಲವನ್ನು ರಿಸರ್ವ್ ಬ್ಯಾಂಕು ಮತ್ತು ಹೈದರಾಬಾದಿನ ಐಡಿಆರ್‌ಬಿಟಿ 1999ರಲ್ಲಿ ಶುರುಮಾಡಿದವು.

ನಾನು 2000ದಲ್ಲಿ ಪುಣೆಗೆ ಬಂದೆ, ಆಮೇಲೆ ಇಲ್ಲೇ ಉಳಿದೆ. ಆಫೀಸಿನ ಇಮೇಲ್ ವಿಳಾಸ ಸಿಕ್ಕಿದ್ದು ಇಲ್ಲಿಯೇ. ಟೆಲಿಫೋನ್ ಡೈರಿ ಕಂಪ್ಯೂಟರಿನೊಳಗೆ ಹೋಯಿತು. ಆದರೆ ಒಂದು ಪ್ರೋಗ್ರಾಮಿನ ಡೈರಿ ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಔಟ್‌ಲುಕ್ ಎಕ್ಸ್‌ಪ್ರೆಸ್ ತನ್ನ ಹೆಸರುಗಳನ್ನು ಡಬ್ಲ್ಯೂಎಬಿ ಎಂಬ ಫೈಲಿನಲ್ಲಿಡುತ್ತಿತ್ತು. ಅದರ ಅಣ್ಣನಂತಿದ್ದ ಔಟ್‌ಲುಕ್ ಪಿಎಸ್‌ಟಿ ಎಂಬ ಬೇರೆಯದೇ ಪೆಟ್ಟಿಗೆಯಲ್ಲಿಡುತ್ತಿತ್ತು. ಹೆಸರು ನೋಡಿದರೆ ಒಂದೇ ಮನೆಯವು, ಒಳಗೆ ಅಣ್ಣತಮ್ಮಂದಿರ ನಡುವೆ ಗೋಡೆ. ಈ ಗೋಡೆಗೆ ಬಾಗಿಲು ಇಡುವ ಪ್ರಯತ್ನ ಆಗಲೇ ನಡೆದಿತ್ತು. ಆಪಲ್, ಎಟಿಅಂಡ್‌ಟಿ, ಐಬಿಎಂ, ಸೀಮೆನ್ಸ್ ನಾಲ್ಕೂ ಸೇರಿ 'ವಿ-ಕಾರ್ಡ್' ಎಂಬ ಎಲ್ಲರಿಗೂ ಒಂದೇ ರೀತಿಯ ವಿಸಿಟಿಂಗ್ ಕಾರ್ಡನ್ನು ರೂಪಿಸಿದವು. ಅದರ 2.1ನೆಯ ಆವೃತ್ತಿ 1996ರಲ್ಲಿ ಬಂತು, ಮೂರನೆಯದು 1998ರಲ್ಲಿ, ನಾಲ್ಕನೆಯದು 2011ರಲ್ಲಿ.

ಆದರೆ ಆಫೀಸುಗಳಲ್ಲಿ ಹೆಚ್ಚು ದುಡಿದದ್ದು ಸಿಎಸ್‌ವಿ. ಹೆಸರು, ಅಲ್ಪವಿರಾಮ, ವಿಳಾಸ, ಅಲ್ಪವಿರಾಮ, ಫೋನು... ಹೀಗೆ ಸಾಲುಸಾಲಾಗಿ ಬರೆದ ಸಾದಾ ಫೈಲು. ದಶಕಗಳಿಂದ ಎಲ್ಲರೂ ಬಳಸುತ್ತಿದ್ದ ಈ ಪದ್ಧತಿಯನ್ನು ಒಂದು ಕಡೆ ಬರೆದಿಟ್ಟ ದಾಖಲೆ, ಆರ್‌ಎಫ್‌ಸಿ 4180 ಎಂಬುದು, ಬಂದದ್ದು 2005ರ ಅಕ್ಟೋಬರಿನಲ್ಲಿ! ಅಲ್ಲಿಯವರೆಗೆ ಎಲ್ಲರೂ ತಮಗೆ ತೋಚಿದಂತೆ. ವಿಳಾಸದೊಳಗೇ ಒಂದು ಅಲ್ಪವಿರಾಮ ಇದ್ದರೆ (ನಮ್ಮ ಪುಣೆಯ ವಿಳಾಸಗಳಲ್ಲಿ ಫ್ಲ್ಯಾಟು, ಸೊಸೈಟಿ, ಪೇಠ, ಮಾರುತಿ ಗುಡಿಯ ಹಿಂದೆ ಎಂದು ಐದಾರಾದರೂ ಇರುತ್ತವೆ) ಸುತ್ತ ಉದ್ಧರಣ ಚಿಹ್ನೆ ಹಾಕಬೇಕು. ಹಾಕದಿದ್ದರೆ ಸೊಸೈಟಿ ಹೋಗಿ ಊರಿನ ಜಾಗದಲ್ಲಿ ಕೂರುತ್ತದೆ, ಪಿನ್‌ಕೋಡು ಹೋಗಿ ಫೋನ್ ನಂಬರಾಗುತ್ತದೆ. ಇಂಥ ವಿಳಾಸಕ್ಕೆ ಅಂಚೆಯವನಾದರೆ ಹೇಗಾದರೂ ಹುಡುಕಿ ಹೋಗುತ್ತಾನೆ, ಕಂಪ್ಯೂಟರ್ ಹೋಗುವುದಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಕನ್ನಡಕ್ಕೆ. ನಾನು ಮನೆಯವರ, ಊರವರ, ಇಲ್ಲಿಯ ಕನ್ನಡ ಬಳಗದವರ ಹೆಸರುಗಳನ್ನು ಹಟ ಹಿಡಿದು ಕನ್ನಡದಲ್ಲೇ ಟೈಪ್ ಮಾಡಿ ಇಟ್ಟಿದ್ದೆ. ಮನೆಯಲ್ಲಿ ಮರಾಠಿ-ಕನ್ನಡ ಮಿಶ್ರಣ, ಆಫೀಸಿನಲ್ಲಿ ಹಿಂದಿ-ಇಂಗ್ಲಿಷ್. ಕನ್ನಡ ಬರೆಯಲು ನನಗೆ ಉಳಿದಿದ್ದ ಜಾಗ ಅದೊಂದೇ ಎಂದರೂ ನಡೆದೀತು. ಆ ಹೆಸರುಗಳನ್ನು ಬೇರೆ ಕಂಪ್ಯೂಟರಿಗೆ ಹಾಕಿದರೆ ಏನು ಬರುತ್ತಿತ್ತು ಗೊತ್ತೇ? ನುಡಿ ಫಾಂಟಿನಲ್ಲಿ 'ಕನ್ನಡ' ಎಂದು ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೀಗೆ ಕಾಣುತ್ತದೆ: ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಮತ್ತೆ ಗೀಟಿನ ಎ. ಬ್ಯಾಂಕಿನವನಿಗೆ ಪೌಂಡು ಕಂಡರೆ ಫಾರಿನ್ ಎಕ್ಸ್‌ಚೇಂಜ್ ನೆನಪಾಗುತ್ತದೆ, ನಮ್ಮ ಸೋದರಮಾವನ ಹೆಸರಲ್ಲ!

ಇದು ಯಾಕೆ ಹೀಗಾಯಿತು ಎಂಬುದರ ಉತ್ತರ ನನ್ನ ಊರಾದ ಪುಣೆಯಲ್ಲೇ ಇತ್ತು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಇಲ್ಲಿಯ ವಿಶ್ವವಿದ್ಯಾಲಯದ ಆವರಣದಲ್ಲಿ 1988ರಲ್ಲಿ ಸಿ-ಡ್ಯಾಕ್ ಶುರುವಾಯಿತು. ವಿಜಯ ಭಾಟ್ಕರ್ ನೇತೃತ್ವದಲ್ಲಿ 1991ರಲ್ಲಿ 'ಪರಮ್ 8000' ಎಂಬ ಸೂಪರ್ ಕಂಪ್ಯೂಟರ್ ಮಾಡಿ ಹೆಸರಾದ ಸಂಸ್ಥೆ. ಎಲ್ಲರಿಗೂ ಗೊತ್ತಿರುವುದು ಅದೇ. ಅಷ್ಟು ಸುದ್ದಿಯಾಗದ ಇನ್ನೊಂದು ಕೆಲಸ ಅಲ್ಲಿ ನಡೆಯುತ್ತಿತ್ತು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಇಲ್ಲಿಗೆ ಬಂದ ಜಿಸ್ಟ್ ತಂತ್ರಜ್ಞಾನ, ಮತ್ತು ಅದು ಬಳಸುತ್ತಿದ್ದ ಇಸ್ಕಿ ಎಂಬ ಭಾರತೀಯ ಲಿಪಿಗಳ ಸಂಕೇತ. ಇಸ್ಕಿ 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಅಧಿಕೃತ ಮಾನಕವೂ ಆಯಿತು.

ಇಸ್ಕಿಯ ಹಿಂದಿನ ವಿಚಾರ ಬಹಳ ಸರಳ. ಕನ್ನಡದ ಕ, ತೆಲುಗಿನ ಕ, ದೇವನಾಗರಿಯ ಕ, ಎಲ್ಲಕ್ಕೂ ಒಂದೇ ಸಂಖ್ಯೆ. ಕಂಪ್ಯೂಟರಿನಲ್ಲಿ ಉಳಿಯುವುದು ಅಕ್ಷರ, ತೆರೆಯ ಮೇಲೆ ಕಾಣುವುದು ಆಕಾರ. ಲಿಪಿ ಬದಲಿಸಿದರೆ ಅದೇ ಹೆಸರು ಮರಾಠಿಯವನಿಗೆ ದೇವನಾಗರಿಯಲ್ಲಿ, ನನಗೆ ಕನ್ನಡದಲ್ಲಿ. ಅಕ್ಕಲಕೋಟೆಯಂಥ ಊರಿಗೆ ಹೇಳಿ ಮಾಡಿಸಿದ್ದು! ಆದರೆ ಛಾಪಖಾನೆ, ಡಿಟಿಪಿ ಅಂಗಡಿಗಳಲ್ಲಿ ಬೆಳೆದದ್ದು ಬೇರೆ ದಾರಿ. ಅಕ್ಷರವನ್ನಲ್ಲ, ಆಕಾರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುವುದು. ತಲೆಕಟ್ಟು ಒಂದು ಕಡೆ, ಒತ್ತು ಒಂದು ಕಡೆ. ಮುದ್ರಣಕ್ಕೆ ಸಾಕು, ಕಾಗದದ ಮೇಲೆ ಕನ್ನಡವೇ ಬರುತ್ತದಲ್ಲ. ಕನ್ನಡದ ಡಿಟಿಪಿಯಲ್ಲಿ ಹೆಸರು ಮಾಡಿದ ಶ್ರೀಲಿಪಿ ತಯಾರಿಸಿದ ಮಾಡ್ಯುಲರ್ ಇನ್ಫೋಟೆಕ್ ಕೂಡ ಪುಣೆಯದೇ. ಎರಡೂ ದಾರಿಗಳು ಒಂದೇ ಊರಿನಲ್ಲಿ! ಆಮೇಲೆ 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಇವುಗಳಿಂದಲೇ ನಮ್ಮಂಥವರು ಕನ್ನಡ ಟೈಪ್ ಮಾಡಲು ಕಲಿತದ್ದು, ಅವರ ಋಣ ದೊಡ್ಡದು. ಆದರೆ ಅವು ಮೊದಮೊದಲು ನಡೆದದ್ದು ಆಕಾರದ ದಾರಿಯಲ್ಲೇ. ಕಾಗದಕ್ಕೆ ಸರಿ, ಸಾಗಣೆಗೆ ಅಲ್ಲ.

ಯುನಿಕೋಡಿನ ಮೊದಲ ಆವೃತ್ತಿ 1991ರ ಅಕ್ಟೋಬರಿನಲ್ಲಿ ಬಂದಾಗ ಭಾರತೀಯ ಲಿಪಿಗಳನ್ನು ಜೋಡಿಸಲು ಆಧಾರವಾಗಿಟ್ಟುಕೊಂಡದ್ದು 1988ರ ಇಸ್ಕಿಯನ್ನು. ಇಂದಿಗೂ ನಿಮ್ಮ ಮೊಬೈಲಿನಲ್ಲಿ ಕನ್ನಡದ ಕ ತನ್ನ ಸಾಲಿನಲ್ಲಿ ಎಷ್ಟನೆಯ ಮನೆಯಲ್ಲಿದೆಯೋ ದೇವನಾಗರಿಯ ಕ ಕೂಡ ತನ್ನ ಸಾಲಿನಲ್ಲಿ ಅಷ್ಟನೆಯ ಮನೆಯಲ್ಲೇ ಇದೆ. ಆದರೆ ಯುನಿಕೋಡ್ ನಮ್ಮ ಮೇಜಿಗೆ ತಲುಪಲು ಹತ್ತು ವರ್ಷ ಬೇಕಾಯಿತು. ವಿಂಡೋಸ್ ಎಕ್ಸ್‌ಪಿಯಲ್ಲಿ, ಅಂದರೆ 2001ರಲ್ಲಿ, ತುಂಗಾ ಫಾಂಟಿನ ಜೊತೆ ಕನ್ನಡ ಬಂತು. ಅದೂ ತಾನಾಗಿ ಅಲ್ಲ, ಭಾಷೆಯ ಸೆಟ್ಟಿಂಗಿಗೆ ಹೋಗಿ 'ಸಂಕೀರ್ಣ ಲಿಪಿ'ಗಳ ಮುಂದೆ ಟಿಕ್ ಹಾಕಿ, ಸಿಡಿ ಹಾಕಿದರೆ. ಆಫೀಸಿನಲ್ಲಿ ಆ ಸಿಡಿ ಯಾರ ಕಪಾಟಿನಲ್ಲಿದೆ ಎಂಬುದೇ ಒಂದು ಸಂಶೋಧನೆ. ಔಟ್‌ಲುಕ್‌ನ ಪೆಟ್ಟಿಗೆ ಯುನಿಕೋಡಿಗೆ ಬಂದದ್ದು 2003ರ ಆವೃತ್ತಿಯಲ್ಲಿ. ಎಕ್ಸೆಲ್‌ನಲ್ಲಿ ಕನ್ನಡ ಪಟ್ಟಿಯನ್ನು ಮಾಮೂಲಿ ಸಿಎಸ್‌ವಿ ಮಾಡಿದರೆ ಪ್ರತಿ ಅಕ್ಷರದ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆ, ????? ಹೀಗೆ. ಪೌಂಡಾಗಿದ್ದ ಹೆಸರನ್ನು ಫಾಂಟ್ ಹುಡುಕಿ ಮತ್ತೆ ಓದಬಹುದು, ಪ್ರಶ್ನೆಯಾದ ಹೆಸರು ಮತ್ತೆ ಹುಟ್ಟುವುದಿಲ್ಲ. ಕನ್ನಡ ಉಳಿಸುವ 'ಸಿಎಸ್‌ವಿ ಯುಟಿಎಫ್-8' ಎಂಬ ಆಯ್ಕೆ ಎಕ್ಸೆಲ್ 2016ರ ಕಾಲಕ್ಕೆ ಬಂತು.

ಓದಲು ಬಾರದ ಬರಹದ ಕಷ್ಟ ಪುಣೆಗೆ ಹೊಸದಲ್ಲ ಬಿಡಿ. ಇಲ್ಲಿಯ ಪುರಾಭಿಲೇಖಾಗಾರದಲ್ಲಿ ಪೇಶ್ವೆಯವರ ದಫ್ತರವಿದೆ, ರಾಶಿರಾಶಿ ಕಾಗದ, ಬಹುಪಾಲು ಮೋಡಿ ಲಿಪಿಯಲ್ಲಿ. ಗೋವಿಂದ ಸಖಾರಾಮ ಸರದೇಸಾಯಿಯವರು ಅದರಿಂದ ಆರಿಸಿ 1930ರಿಂದ 1934ರವರೆಗೆ 45 ಸಂಪುಟ ಹೊರತಂದರು. ಭಾಷೆ ಮರಾಠಿಯೇ, ಆದರೆ ಲಿಪಿ ಕಲಿಯದ ಮರಾಠಿಗನಿಗೆ ಒಂದು ಸಾಲೂ ಹತ್ತುವುದಿಲ್ಲ. ನನ್ನ ಹಳೇ ಫೈಲು ನೋಡಿದಾಗಲೆಲ್ಲ ನನಗೆ ಆ ದಫ್ತರ ನೆನಪಾಗುತ್ತದೆ. ವ್ಯತ್ಯಾಸವೆಂದರೆ ಮೋಡಿ ಮರೆಯಾಗಲು ಹಲವು ತಲೆಮಾರು ಬೇಕಾಯಿತು, ನಮಗೆ ಒಂದು ಕಂಪ್ಯೂಟರ್ ಬದಲಿಸಿದರೆ ಸಾಕಿತ್ತು.

ಈಗ ಬರೆಯಲು ಸ್ವಲ್ಪ ಕಷ್ಟವಾಗುವ ಭಾಗ. 2008ರಲ್ಲಿ ಒಮ್ಮೆ ನನ್ನ ಕಂಪ್ಯೂಟರ್ ಬದಲಾಯಿತು. ಆಗ ನಾನು ಎಣಿಸಲಿಲ್ಲ. ಅಕ್ಕಲಕೋಟೆಯ ಸರ 2003ರಲ್ಲಿ ನಿವೃತ್ತರಾಗಿ ವಿಜಾಪುರಕ್ಕೆ ಹೋಗಿದ್ದರು. ಮಗ ಮಾಡಿಕೊಟ್ಟ ಇಮೇಲಿನಿಂದ ಯುಗಾದಿಗೆ, ದೀಪಾವಳಿಗೆ, ನಡುವೆ ತುಟ್ಟಿಭತ್ಯೆ ಏರಿದಾಗ ಬರೆಯುತ್ತಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಒಂದೂ ಫುಲ್‌ಸ್ಟಾಪ್ ಇಲ್ಲದೆ. ಅವರ ವಿಳಾಸವನ್ನು ನಾನು ಎಂದೂ ಕಾಂಟ್ಯಾಕ್ಟಿಗೆ ಸೇರಿಸಿರಲಿಲ್ಲ. ಸೇರಿಸುವುದೇಕೆ? ಎರಡು ಅಕ್ಷರ ಹೊಡೆದರೆ ಉಳಿದದ್ದು ತಾನೇ ಬರುತ್ತಿತ್ತು.

ಹಾಗೆ ತಾನೇ ಬರುವ ಹೆಸರುಗಳು ಕಾಂಟ್ಯಾಕ್ಟ್ಸ್ ಅಲ್ಲ ಎಂಬುದು ಆಗ ನನ್ನಂಥ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಅದು ಕಂಪ್ಯೂಟರ್ ತನ್ನ ಅನುಕೂಲಕ್ಕೆ ಇಟ್ಟುಕೊಳ್ಳುವ ಬೇರೆ ಪಟ್ಟಿ. ಉದಾಹರಣೆಗೆ ಔಟ್‌ಲುಕ್ 2003 ಮತ್ತು 2007ರಲ್ಲಿ ಅದು ಎನ್‌ಕೆ2 ಎಂಬ ಪ್ರತ್ಯೇಕ ಫೈಲಿನಲ್ಲಿ ಇರುತ್ತಿತ್ತು, ಪತ್ರ ಮತ್ತು ಕಾಂಟ್ಯಾಕ್ಟುಗಳ ಪೆಟ್ಟಿಗೆಯನ್ನು ಹೊತ್ತೊಯ್ದರೂ ಅದು ಹಿಂದೆಯೇ ಉಳಿಯುತ್ತಿತ್ತು. 2010ರ ಆವೃತ್ತಿಯಿಂದ ಅದನ್ನೂ ಅಂಚೆಪೆಟ್ಟಿಗೆಯೊಳಗೇ ಇಡತೊಡಗಿದರು. ನಮ್ಮ ಆಫೀಸಿನ ಪ್ರೋಗ್ರಾಂ ಯಾವುದಾದರೇನು, ತಪ್ಪು ನನ್ನದು. ಹೊಸ ಯಂತ್ರದಲ್ಲಿ ಎರಡಕ್ಷರ ಹೊಡೆದೆ, ಏನೂ ಬರಲಿಲ್ಲ. ನಾಳೆ ನೋಡಿದರಾಯಿತು ಅಂದುಕೊಂಡೆ. ಪೆಟ್ಟಿಗೆ ತುಂಬಿದೆ ಎಂದು ಅವರ ಹಳೇ ಪತ್ರಗಳನ್ನು ನಾನೇ ಅಳಿಸಿಯಾಗಿತ್ತು. ಹಳೇ ಯಂತ್ರ ಅಷ್ಟರಲ್ಲಿ ಗುಜರಿಗೆ ಹೋಗಿತ್ತು. ಮನೆಯ ಲ್ಯಾಂಡ್‌ಲೈನ್ ನಂಬರಿಗೆ ಮಾಡಿದರೆ ಈ ನಂಬರ್ ಅಸ್ತಿತ್ವದಲ್ಲಿಲ್ಲ. ಹಬ್ಬಕ್ಕೆ ಅವರೇ ಬರೆಯುತ್ತಾರಲ್ಲ ಎಂದು ಬಿಟ್ಟೆ. ಅವರು ಬರೆಯಲಿಲ್ಲ. ನಾನೂ ಗಮನಿಸಲಿಲ್ಲ, ಯಾಕೆಂದರೆ ಯಾವ ಟೋಟಲ್ಲೂ ತಪ್ಪಿರಲಿಲ್ಲ.

2010ರಲ್ಲಿ ಸೊಲ್ಲಾಪುರದಲ್ಲಿ ಹಳೇ ಸಹೋದ್ಯೋಗಿಯೊಬ್ಬರು ಸಿಕ್ಕಾಗ ಸರ ಹೋಗಿ ವರ್ಷವಾಯಿತು ಅಂದರು. ವಿಜಾಪುರಕ್ಕೆ ಹೋಗಿ ಬಂದೆ. ಅವರ ಮನೆಯವರು ಚಹಾ ಕೊಟ್ಟು, "ಕಣ್ಣಿನ ಆಪರೇಶನ್ ಆದಮ್ಯಾಲೆ ಅವರಿಗೆ ಬರಿಯಾಕ ಆಗ್ತಿರಲಿಲ್ರಿ. ಪುಣೇದ್ದು ಏನರ ಬಂದೈತೇನು ನೋಡು ಅಂತ ಮಗಗ ಹೇಳ್ತಿದ್ರು" ಅಂದರು. ನಾನು ಫೈಲಿನ ವಿಷಯ ಹೇಳಲು ಹೋಗಿ ಸುಮ್ಮನಾದೆ. ಅವರಿಗೆ ಎನ್‌ಕೆ2 ಬಗ್ಗೆ ಏನು ಹೇಳುವುದು?

ಅಂದಿನಿಂದ ಎಣಿಸುತ್ತೇನೆ. ಪಟ್ಟಿ ಬೆಳೆದಂತೆ ಅದು ಬೇರೆಯೇ ಥರದ ದಫ್ತರವಾಗಿದೆ. ವಿಳಾಸದ ಕೊನೆಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಹೆಸರಿರುವವು ಕೆಲವು. 1913ರಲ್ಲಿ ಶುರುವಾದ ಆ ಬ್ಯಾಂಕು 2017ರ ಏಪ್ರಿಲ್ 1ರಂದು ಎಸ್‌ಬಿಐನಲ್ಲಿ ಸೇರಿತು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ. ಮರುವರ್ಷ ಅದೇ ದಿನ ಉಡುಪಿಯ ಎರಡೂ ಹೋದವು: 1925ರ ಸಿಂಡಿಕೇಟ್ ಕೆನರಾದಲ್ಲಿ, 1906ರ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿ. ನಾವು ಬ್ಯಾಂಕಿನವರು ಏಪ್ರಿಲ್ ಒಂದನ್ನು ವರ್ಷಾಂತ್ಯದ ಲೆಕ್ಕ ಮುಗಿಸಿದ ದಿನ ಎಂದು ನೆನಪಿಡುತ್ತಿದ್ದೆವು, ಈಗ ನೆನಪುಗಳು ಹೆಚ್ಚಾಗಿವೆ. ಪುಣೆಯಲ್ಲಿ ಆ ಬ್ಯಾಂಕುಗಳ ಶಾಖೆಗೆ ಹೋದರೆ ಕೌಂಟರಿನ ಆಚೆ ಯಾರಾದರೂ ಒಬ್ಬರು ತುಳುವೋ ಕನ್ನಡವೋ ಆಡುತ್ತಿದ್ದರು. ಆ ವಿಳಾಸಗಳಿಗೆ ಇಂದು ಪತ್ರ ಹಾಕಿ ಪ್ರಯೋಜನವಿಲ್ಲ. ಆದರೂ ಅಳಿಸಿಲ್ಲ.

ಅದು ಸಾಲದೆಂಬಂತೆ 2025ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕಿನ ಸುತ್ತೋಲೆ ಬಂತು. ಮೋಸದ ಜಾಲತಾಣಗಳನ್ನು ಗುರುತಿಸಲು ಸುಲಭವಾಗಲಿ ಎಂದು ಎಲ್ಲಾ ಬ್ಯಾಂಕುಗಳೂ ಅಕ್ಟೋಬರ್ 31ರೊಳಗೆ 'ಬ್ಯಾಂಕ್ ಡಾಟ್ ಇನ್' ಎಂಬ ಕೊನೆಗೆ ಬರಬೇಕು; ಹೆಸರು ಕೊಡುವ ಅಧಿಕಾರ ಐಡಿಆರ್‌ಬಿಟಿಗೆ ಮಾತ್ರ. ಉದ್ದೇಶ ಒಳ್ಳೆಯದೇ, ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಜಾಲತಾಣದ ಜೊತೆ ಹಲವು ಬ್ಯಾಂಕುಗಳ ಇಮೇಲಿನ ಬಾಲವೂ ಬದಲಾಗಿ, ನನ್ನ ಪಟ್ಟಿಯಲ್ಲಿ ಸುಮಾರು ಹೆಸರುಗಳಿಗೆ ಎರಡೆರಡು ವಿಳಾಸ ಬಂತು.

ಸರಿ, ಆ ಏಳರ ವಿಷಯ. ಎರಡು ದಿನ ಊಟದ ಬಿಡುವಿನಲ್ಲಿ ಕೂತು ಹಳೇ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಅಕಾರಾದಿಯಾಗಿ ಜೋಡಿಸಿ ಟಿಕ್ ಹಾಕಿದೆ. ಮೂರು ಸಿಕ್ಕವು: ಎಲ್ಲದಕ್ಕೂ 'ಬ್ರಾಂಚ್ ಮ್ಯಾನೇಜರ್' ಎಂದಷ್ಟೇ ಹೆಸರು ಇಟ್ಟಿದ್ದೆ, ನಕಲು ಎಂದು ತಿಳಿದು ಹೊಸ ಪ್ರೋಗ್ರಾಂ ಅವನ್ನು ಬಿಟ್ಟಿದೆ. ಎರಡರಲ್ಲಿ ವಿಳಾಸದ ನಡುವೆ ನಾನು ಎಂಟರ್ ಒತ್ತಿದ್ದರಿಂದ ಸಾಲು ಮುರಿದು ತಿರಸ್ಕಾರವಾಗಿದೆ. ಇನ್ನೊಂದಕ್ಕೆ ಹೆಸರೇ ಇರಲಿಲ್ಲ, ಬರೀ ವಿಳಾಸ. ಅದು ನನ್ನ ಮಗಳು ಕಾಲೇಜಿನಲ್ಲಿದ್ದಾಗ ಮಾಡಿಕೊಂಡಿದ್ದ ಮೊದಲ ಇಮೇಲು, ಈಗ ಅವಳಿಗೇ ಅದರ ಪಾಸ್‌ವರ್ಡ್ ಗೊತ್ತಿಲ್ಲ. ಒಟ್ಟು ಆರು.

ಏಳನೆಯದು ಇನ್ನೂ ಸಿಕ್ಕಿಲ್ಲ. 'ಟ' ಅಕ್ಷರದವರೆಗೆ ಬಂದಿದ್ದೇನೆ. ಐಟಿಯ ಹುಡುಗ ಹಳೇ ಡಬ್ಬಿಯನ್ನು ಶುಕ್ರವಾರವೇ ಒಯ್ಯಬೇಕಿತ್ತು, ಸೋಮವಾರದವರೆಗೆ ಬಿಡಪ್ಪಾ ಎಂದು ಕೇಳಿಕೊಂಡಿದ್ದೇನೆ. "ಏಕ್ ನಾವಾಸಾಠೀ, ಸರ್?" ಅಂದ. ಒಂದು ಹೆಸರಿಗಾಗಿಯಾ? ಹೌದು ಅಂದೆ. ಅವನು ವೈರನ್ನು ಮತ್ತೆ ಸಿಕ್ಕಿಸಿ ಹೋದ.